ಎರೆಹೊಲಕ್ಕೆ ಒಂದು ಕಾಲು

ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಕಾಲು ಕಳೆದುಕೊಂಡವರ ಮನೆಗೆ ಹೋಗಿ, 'ಜೈಪುರ ಕಾಲು ಐತೇನ್ರೀ?' ಅಂತ ಕೇಳಿ. 'ಐತಲ್ರೀ' ಅನ್ನುತ್ತಾರೆ. ಎಲ್ಲಿದೆ ಅಂದರೆ ಎಷ್ಟೋ ಮನೆಗಳಲ್ಲಿ ಅಟ್ಟದ ಕಡೆ ಕೈ ತೋರಿಸುತ್ತಾರೆ. ಹಳೆ ಟ್ರಂಕು, ತೂತು ಬಿದ್ದ ಕೊಡ, ಹಗ್ಗದ ಸುರುಳಿ, ಅವುಗಳ ಜೊತೆ ಕಾಲು. ಮನುಷ್ಯ ಮಾತ್ರ ಕಂಕುಳಲ್ಲಿ ಬಡಿಗೆ ಇಟ್ಟುಕೊಂಡು ಓಡಾಡುತ್ತಿರುತ್ತಾನೆ.

ಆ ಕೃತಕ ಕಾಲು ಮುರಿದಿರುವುದಿಲ್ಲ. ಇಳಿಸಿ ಧೂಳು ಒರೆಸಿದರೆ ಪಾದದ ರಬ್ಬರು ಇನ್ನೂ ಹೊಸದರ ಹಾಗೇ ಇರುತ್ತದೆ. ಯಾವುದೋ ಉಚಿತ ಶಿಬಿರದಲ್ಲಿ ಕೊಟ್ಟದ್ದು. ಕೊಡುವಾಗ ತೆಗೆದ ಫೋಟೋ ಕೂಡ ಗೋಡೆಯ ಮೇಲಿರುತ್ತದೆ. ಯಾಕೆ ಹಾಕಿಕೊಳ್ಳುವುದಿಲ್ಲ ಅಂತ ಕೇಳಿದರೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಮಾತು: 'ಸಡ್ಲ ಆಗೈತ್ರೀ, ತಿಕ್ಕತೈತಿ.'

ನಾನು ಡಾಕ್ಟರ್ ಅಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಒಂದು ಸಣ್ಣ ಮಷಿನ್ ಶಾಪ್ ಇಟ್ಟುಕೊಂಡವನು. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಎರಡು ಸಿಎನ್‌ಸಿ, ಒಂದು ವಿಎಂಸಿ, ಅಪ್ಪನ ಕಾಲದ ಒಂದು ಲೇತ್. ಬೆಳಗಾವಿ ಅಂದರೆ ಹೊರಗಿನವರಿಗೆ ಕುಂದಾ ನೆನಪಾಗುತ್ತದೆ, ಅಧಿವೇಶನ ನೆನಪಾಗುತ್ತದೆ. ನಮಗೆ ನೆನಪಾಗುವುದು ಫೌಂಡ್ರಿ. ಇಲ್ಲಿ ಎರಕ ಹೊಯ್ಯುವವರು, ಎರಕದ ಅಚ್ಚಿಗೆ ಬೇಕಾದ ಮಾದರಿ, ಅಂದರೆ ಪ್ಯಾಟರ್ನ್ ಮಾಡುವವರು, ಗ್ರೈಂಡಿಂಗ್‌ನವರು, ಹೀಟ್ ಟ್ರೀಟ್‌ಮೆಂಟ್‌ನವರು ಎಲ್ಲ ಒಂದೇ ಕೂಗಳತೆಯಲ್ಲಿ ಸಿಗುತ್ತಾರೆ. ಪಂಪು, ವಾಲ್ವು, ಹೈಡ್ರಾಲಿಕ್ಸ್, ಈಚೆಗೆ ವಿಮಾನದ ಬಿಡಿಭಾಗಗಳು. ಆದರೆ ಕಾಲಿನ ಬಿಡಿಭಾಗ ಅಂತ ಡ್ರಾಯಿಂಗ್ ಹಿಡಿದುಕೊಂಡು ನನ್ನ ಶಾಪಿಗೆ ಯಾರೂ ಬಂದಿರಲಿಲ್ಲ, ಆ ಮೂವರು ಬರುವ ತನಕ.

ಒಬ್ಬ ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್. ಇನ್ನೊಬ್ಬಳು ಪಿ ಅಂಡ್ ಓ ಓದಿದ ಹುಡುಗಿ. ಅಂದರೆ ಕೃತಕ ಕೈಕಾಲು, ಬೆಲ್ಟು, ಬೂಟು ಇವುಗಳನ್ನು ಅಳತೆ ತೆಗೆದು ಕೂರಿಸುವ ಕೆಲಸ. ನಾಲ್ಕೂವರೆ ವರ್ಷದ ಡಿಗ್ರಿ, ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. ಇಂಥ ಒಂದು ಓದು ಇದೆ ಅಂತ ನನಗೆ ಅವಳನ್ನು ನೋಡಿದ ಮೇಲೇ ಗೊತ್ತಾಗಿದ್ದು. ಅವರ ಕಂಪನಿ ಹೆಸರು ಇಲ್ಲಿ ಬರೆಯುವುದಿಲ್ಲ. 'ಟೆಸ್ಟಿಂಗ್ ಮುಗೀಲಿ ಸರ, ಆಮ್ಯಾಲ ಬರೀರಿ' ಅಂದಿದ್ದಾರೆ. ನ್ಯಾಯವಾದ ಮಾತು.

ಅವರು ಮೊದಲು ಮಾಡಲು ಹೊರಟಿದ್ದು ಕೈ. ಚರ್ಮದ ಮೇಲೆ ಸೆನ್ಸರ್ ಇಟ್ಟು, ಸ್ನಾಯು ಬಿಗಿಯಾದಾಗ ಬರುವ ಸಣ್ಣ ವಿದ್ಯುತ್ ಸಂಕೇತ ಹಿಡಿದು, ಬೆರಳು ಮುಚ್ಚಿ ತೆಗೆಯುವ ಕೈ. ನಮ್ಮ ಕಡೆ ಇದಕ್ಕೆ ಕಾರಣವೂ ಇದೆ. ಕಬ್ಬಿನ ಗಾಣ, ರಾಶಿ ಮಷಿನ್, ಮೇವು ಕತ್ತರಿಸುವ ಮಷಿನ್, ಇವು ನುಂಗಿದ ಕೈಗಳನ್ನು ಮುಧೋಳ, ಜಮಖಂಡಿ ಕಡೆ ಯಾರೂ ನೋಡದೇ ಇಲ್ಲ. ವಿಡಿಯೋದಲ್ಲೂ ಕೈ ಚೆನ್ನಾಗಿ ಕಾಣುತ್ತದೆ. ಪ್ಲಾಸ್ಟಿಕ್ ಬೆರಳು ಚಹಾದ ಕಪ್ ಎತ್ತಿದರೆ ನೋಡಿದವರು ಚಪ್ಪಾಳೆ ಹೊಡೆಯುತ್ತಾರೆ. ಸ್ಪರ್ಧೆಗಳಲ್ಲಿ ಬಹುಮಾನವೂ ಬಂತಂತೆ.

ಆದರೆ ಅದನ್ನು ತೋರಿಸಲು ತಾಲ್ಲೂಕು ಆಸ್ಪತ್ರೆಗಳಿಗೆ ಹೋದಾಗ ಎದುರಿಗೆ ಬಂದು ಕೂತವರಲ್ಲಿ ಕಾಲಿನವರೇ ಜಾಸ್ತಿ. ಬೈಕ್ ಅಪಘಾತ, ಟ್ರ್ಯಾಕ್ಟರ್ ಟ್ರೇಲರ್ ಅಡಿ ಸಿಕ್ಕಿದ್ದು, ಸಕ್ಕರೆ ಕಾಯಿಲೆಯಲ್ಲಿ ಹುಣ್ಣು ಮಾಯದೆ ಹೋದದ್ದು. ಅವರು ಕಪ್ ಎತ್ತುವ ಕೈಯನ್ನು ಸೌಜನ್ಯಕ್ಕೆ ನೋಡಿ, 'ಕಾಲಿಂದು ಏನರ ಐತೇನ್ರೀ' ಅಂತ ಕೇಳುತ್ತಿದ್ದರು. ಕೈ ಪ್ರಾಜೆಕ್ಟ್ ಈಗ ಡಬ್ಬಿಯಲ್ಲಿದೆ. ಎಲೆಕ್ಟ್ರಾನಿಕ್ಸ್ ಹುಡುಗನಿಗೆ ಈಗಲೂ ಅದರ ಬೇಜಾರಿದೆ. ನನಗಿಲ್ಲ.

ಕಾಲಿನ ವಿಷಯದಲ್ಲಿ ನನ್ನನ್ನು ಮೊದಲು ಹಿಡಿದದ್ದು ಒಂದು ಸಣ್ಣ ಲೋಹದ ತುಂಡು. ಪಿರಮಿಡ್ ಅಡಾಪ್ಟರ್ ಅನ್ನುತ್ತಾರೆ. ಮೇಲೆ ಕಾಲು ಕೂರುವ ಬಟ್ಟಲು, ಅದಕ್ಕೆ ಸಾಕೆಟ್ ಅಂತ ಹೆಸರು. ಕೆಳಗೆ ಪಾದ. ನಡುವೆ 30 ಮಿಲಿಮೀಟರ್ ದಪ್ಪದ ಒಂದು ಕೊಳವೆ. ಇವುಗಳ ಕೀಲಿನಲ್ಲಿ ನಾಲ್ಕು ಮುಖದ ಒಂದು ಪಿರಮಿಡ್ ಕೂತಿರುತ್ತದೆ, ಅದನ್ನು ನಾಲ್ಕು ಕಡೆಯಿಂದ ನಾಲ್ಕು ಸ್ಕ್ರೂ ಹಿಡಿದಿರುತ್ತವೆ. ಒಂದನ್ನು ಸಡಿಲಿಸಿ ಎದುರಿನದ್ದನ್ನು ಬಿಗಿದರೆ ಕಾಲು ಒಂದು ಡಿಗ್ರಿ ಆ ಕಡೆ ವಾಲುತ್ತದೆ. ನಡೆಯುವವರು ಒಳಕ್ಕೆ ಬೀಳುತ್ತಿದ್ದರೆ, ಹೊರಕ್ಕೆ ಬೀಳುತ್ತಿದ್ದರೆ, ಅಲ್ಲೇ ನಿಲ್ಲಿಸಿ ಅಲೆನ್ ಕೀಲಿಯಿಂದ ಸರಿ ಮಾಡಬಹುದು. ಜರ್ಮನಿಯ ಒಟ್ಟೋಬಾಕ್ ಕಂಪನಿ 1969ರಲ್ಲಿ ತಂದದ್ದು. ಇವತ್ತು ಪ್ರಪಂಚದ ಬಹುತೇಕ ಕಂಪನಿಗಳ ಪಾದ, ಮೊಣಕಾಲು, ಸಾಕೆಟ್ ಎಲ್ಲ ಈ ಒಂದು ಅಳತೆಗೆ ಒಪ್ಪಿಕೊಂಡಿವೆ.

ಇದರ ಬೆಲೆ ಕಾರ್ಖಾನೆ ಇಟ್ಟವನಿಗೇ ಗೊತ್ತು. ಇಡೀ ಕಾಲನ್ನು ನಾವೇ ಮಾಡಬೇಕಿಲ್ಲ. ಒಂದು ತುಂಡನ್ನು ಚೆನ್ನಾಗಿ ಮಾಡಿದರೆ ಸಾಕು, ಅದು ಜಗತ್ತಿನ ಉಳಿದ ತುಂಡುಗಳ ಜೊತೆ ಕೂರುತ್ತದೆ. ಉದ್ಯಮಬಾಗದ ಶೆಡ್ಡಿನಲ್ಲಿ ತಿರುಗಿಸಿದ ಅಡಾಪ್ಟರ್ ಮೇಲೆ ಜರ್ಮನ್ ಪಾದ ಕೂರಿಸಬಹುದು. ಸಣ್ಣ ಊರಿನ ಸಣ್ಣ ಕಂಪನಿಗೆ ಇದಕ್ಕಿಂತ ದೊಡ್ಡ ಬಾಗಿಲು ಯಾರು ತೆರೆದಾರು?

ಅಡಾಪ್ಟರ್ ಕೈಗೆ ಬಂದಾಗ ನಾನು ಅಂದುಕೊಂಡಿದ್ದು, ಇದು ಲೋಹದ ಆಟ, ನಮ್ಮ ಆಟ. ಆ ಹುಡುಗಿ ನಕ್ಕಳು. 'ಸರ, ಲೋಹ ಆಮ್ಯಾಲ. ಮೊದ್ಲ ಸಾಕೆಟ್ ನೋಡ ಬರ್ರಿ' ಅಂದಳು.

ಸಾಕೆಟ್ ಮಾಡುವುದನ್ನು ನೋಡಿದಾಗ ನನಗೆ ನಮ್ಮ ಪ್ಯಾಟರ್ನ್ ಶಾಪ್‌ಗಳೇ ಕಣ್ಣಿಗೆ ಬಂದವು. ಮೊಣಕಾಲ ಕೆಳಗೆ ಉಳಿದ ಕಾಲಿಗೆ ತೆಳು ಬಟ್ಟೆ ಹಾಕಿ, ಒದ್ದೆ ಪಿಒಪಿ ಪಟ್ಟಿ ಸುತ್ತುತ್ತಾರೆ. ಒಣಗಿದ ಮೇಲೆ ಚಿಪ್ಪಿನ ಹಾಗೆ ಹೊರಗೆ ಜಾರಿಸುತ್ತಾರೆ. ಅದರೊಳಗೆ ಪ್ಲಾಸ್ಟರ್ ಹೊಯ್ದರೆ ಕಾಲಿನದೇ ಒಂದು ಪ್ರತಿ. ಇಲ್ಲಿಯವರೆಗೆ ಯಾರು ಬೇಕಾದರೂ ಮಾಡಬಹುದು. ಆಮೇಲೆ ಶುರುವಾಗುವುದು ಕೈಗುಣ. ಆ ಪ್ಲಾಸ್ಟರ್ ಕಾಲನ್ನು ಹೆರೆಯಬೇಕು. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಒತ್ತಡ ತಡೆದುಕೊಳ್ಳುತ್ತದೆ, ಅಲ್ಲಿ ಪ್ಲಾಸ್ಟರ್ ಕೆರೆದು ತಗ್ಗು ಮಾಡುತ್ತಾರೆ. ಹಾಗೆ ಮಾಡಿದರೆ ಭಾರ ಅಲ್ಲಿ ಬೀಳುತ್ತದೆ. ಉಳಿದ ಕಾಲಿನ ಮುಂಭಾಗದ ಮೂಳೆಯ ತುದಿ ತಡೆಯುವುದಿಲ್ಲ, ಅಲ್ಲಿ ಪ್ಲಾಸ್ಟರ್ ಮೆತ್ತಿ ಉಬ್ಬಿಸುತ್ತಾರೆ, ಸಾಕೆಟ್ ಅಲ್ಲಿ ಮುಟ್ಟಬಾರದು ಅಂತ. ಈ ಲೆಕ್ಕಾಚಾರವನ್ನು 1950ರ ದಶಕದ ಕೊನೆಯಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕ್ರಮಬದ್ಧ ಮಾಡಿದರು. ಈಗಲೂ ಅದೇ ಬುನಾದಿ. ಕೆಲವರು ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲಿ ಹೆರೆಯುತ್ತಾರೆ, ತ್ರೀಡಿ ಪ್ರಿಂಟ್ ಮಾಡುತ್ತಾರೆ. ಆದರೆ ಎಲ್ಲಿ ಹೆರೆಯಬೇಕು ಅನ್ನುವುದನ್ನು ಇನ್ನೂ ಒಬ್ಬ ಮನುಷ್ಯ ಬೆರಳಿನಿಂದ ಒತ್ತಿ ನೋಡಿಯೇ ಹೇಳಬೇಕು.

ನಮ್ಮ ಪ್ಯಾಟರ್ನ್‌ನವನಿಗೆ ಒಂದು ಸುಖ ಇದೆ. ಕಬ್ಬಿಣ ಆರುವಾಗ ಕುಗ್ಗುತ್ತದೆ, ಸುಮಾರು ನೂರಕ್ಕೆ ಒಂದು ಪಾಲು. ಅದು ಗೊತ್ತಿರುವುದರಿಂದ ಪ್ಯಾಟರ್ನನ್ನು ಅಷ್ಟು ದೊಡ್ಡದು ಮಾಡುತ್ತಾನೆ. ಅದಕ್ಕೆ ಅಂತಲೇ ಬೇರೆ ಸ್ಕೇಲ್ ಇದೆ. ಕಾಲೂ ಕುಗ್ಗುತ್ತದೆ. ಆದರೆ ಅದಕ್ಕೆ ಸ್ಕೇಲ್ ಇಲ್ಲ. ಆಪರೇಷನ್ ಆದ ಮೊದಲ ವರ್ಷದಲ್ಲಿ ಬಾವು ಇಳಿದು, ಬಳಸದ ಸ್ನಾಯು ಕರಗಿ, ಉಳಿದ ಕಾಲು ಸಣ್ಣಗಾಗುತ್ತಲೇ ಹೋಗುತ್ತದೆ. ಒಬ್ಬರಿಗೆ ಬೇಗ, ಒಬ್ಬರಿಗೆ ನಿಧಾನ, ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಅಷ್ಟೇ ಅಲ್ಲ, ಒಂದೇ ದಿನದಲ್ಲೂ ಬೆಳಿಗ್ಗೆ ಇದ್ದ ಅಳತೆ ಸಂಜೆಗೆ ಇರುವುದಿಲ್ಲ. ಅದಕ್ಕೇ ಕಾಲು ಹಾಕಿಕೊಳ್ಳುವವರು ಉಣ್ಣೆಯ ಅಥವಾ ಹತ್ತಿಯ ಸಾಕ್ಸ್ ಒಂದರ ಮೇಲೊಂದು ಹಾಕುತ್ತಾರೆ. ಮಧ್ಯಾಹ್ನ ಸಡಿಲ ಅನಿಸಿದರೆ ಇನ್ನೊಂದು ಪದರ. ಅದೂ ಸಾಲದಾದಾಗ ಸಾಕೆಟ್ಟೇ ಹೊಸದು ಬೇಕು.

ಶಿಬಿರದ ಕಾಲು ಅಟ್ಟಕ್ಕೆ ಏರುವುದು ಇಲ್ಲೇ. ಕೊಟ್ಟ ದಿನ ಅದು ಸರಿಯಾಗಿಯೇ ಕೂತಿರುತ್ತದೆ. ಕೆಲವು ತಿಂಗಳಿಗೆ ಕಾಲು ಸಣ್ಣಗಾಯಿತು. ಸಾಕೆಟ್ ಒಳಗೆ ಕಾಲು ಮೇಲೆ ಕೆಳಗೆ ಜಾರಲು ಶುರುವಾಯಿತು. ತಿಕ್ಕಿ ಗುಳ್ಳೆ ಎದ್ದಿತು. ವಿಜಯಪುರದ ಬೇಸಿಗೆ ನಿಮಗೆ ಗೊತ್ತಲ್ಲ, 40 ಡಿಗ್ರಿ ದಾಟಿದ ಬಿಸಿಲಲ್ಲಿ ಪ್ಲಾಸ್ಟಿಕ್ ಬಟ್ಟಲೊಳಗೆ ಕಾಲು ಬೆವರಿನಲ್ಲಿ ನೆನೆಯುತ್ತಿರುತ್ತದೆ. ಗುಳ್ಳೆ ಒಡೆದರೆ ಹುಣ್ಣು. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೂ ಗೊತ್ತಾಗುವುದಿಲ್ಲ, ಮೊಣಕಾಲ ಕೆಳಗೆ ಹೋದದ್ದು ಮೊಣಕಾಲ ಮೇಲಕ್ಕೂ ಹೋಗಬಹುದು. ಸರಿ ಮಾಡಿಸೋಣ ಅಂದರೆ ಶಿಬಿರದವರು ಯಾವಾಗಲೋ ಹೋಗಿಯಾಯಿತು. ಅಂಥ ಕೆಲಸ ಮಾಡುವ ಜಾಗ ದೂರದ ದೊಡ್ಡ ಊರಿನಲ್ಲಿ. ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು. ಬಡಿಗೆಯೇ ವಾಸಿ ಅಂತ ಮನುಷ್ಯ ತೀರ್ಮಾನ ಮಾಡಿದರೆ ತಪ್ಪೇನು?

ಸರ್ಕಾರದ ಯೋಜನೆ ಇಲ್ಲ ಅಂತಲ್ಲ. ಅಂಗವಿಕಲರಿಗೆ ಉಪಕರಣ ಕೊಡುವ ಎಡಿಐಪಿ ಅಂತ ಕೇಂದ್ರದ ಯೋಜನೆ 1981ರಿಂದ ಇದೆ. ಅಂಥ ಉಪಕರಣ ಮಾಡುವ ಕಾನ್ಪುರದ ಸರ್ಕಾರಿ ಕಾರ್ಖಾನೆ ಅಲಿಮ್ಕೊ ಅದಕ್ಕೂ ಹಳೆಯದು. ಯೋಜನೆಯಲ್ಲಿ ಒಂದು ನಿಯಮ ಇದೆ: ಒಮ್ಮೆ ಉಪಕರಣ ಪಡೆದವರು ಅದೇ ಉದ್ದೇಶಕ್ಕೆ ಮತ್ತೆ ಪಡೆಯಬೇಕಾದರೆ ಮೂರು ವರ್ಷ ಕಾಯಬೇಕು. ಬೆಳೆಯುವ ಮಕ್ಕಳಿಗೆ ಮಾತ್ರ ಒಂದು ವರ್ಷ. ಗಾಲಿಕುರ್ಚಿಗೆ ಈ ನಿಯಮ ಸರಿ. ಈಚೆಗೆ ಕಾಲು ಕಳೆದುಕೊಂಡವನ ಸಾಕೆಟ್ಟಿಗೆ? ಅವನ ಕಾಲು ಮೂರು ವರ್ಷ ಕಾಯುವುದಿಲ್ಲ. ನಿಯಮ ಬರೆದವರು ಕಾಲನ್ನೂ ಗಾಲಿಕುರ್ಚಿಯ ಹಾಗೆ ಒಂದು ವಸ್ತು ಅಂತ ನೋಡಿದ್ದಾರೆ. ಅದು ವಸ್ತು ಕಡಿಮೆ, ಮುಗಿಯದ ರಿಪೇರಿ ಜಾಸ್ತಿ.

ಜೈಪುರ ಕಾಲನ್ನು ನಾನು ಹೀಗಳೆಯುತ್ತಿದ್ದೇನೆ ಅಂತ ಯಾರೂ ಅಂದುಕೊಳ್ಳಬೇಡಿ. ಕಸುಬುದಾರನಾಗಿ ನನಗೆ ಅದರ ಮೇಲೆ ಬಹಳ ಗೌರವ. ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇಠಿ ಮತ್ತು ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಸೇರಿ 1960ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದರು. ಆಗ ಸಿಗುತ್ತಿದ್ದ ವಿದೇಶಿ ಮಾದರಿಯ ಪಾದ ಬೂಟಿನೊಳಗೆ ಇರಲು ಮಾಡಿದ್ದು. ನಾವು ಬರಿಗಾಲಲ್ಲಿ ಗುಡಿಗೆ ಹೋಗುವವರು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವವರು, ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆಯುವವರು. ರಬ್ಬರು ಮತ್ತು ಮರದ ತುಂಡು ಸೇರಿಸಿ, ಹೊರಗೆ ರಬ್ಬರಿನದೇ ಚರ್ಮ ಕೊಟ್ಟು, ಟೈರ್ ಬೇಯಿಸುವ ರೀತಿಯಲ್ಲೇ ಬೇಯಿಸಿ ಮಾಡಿದ ಆ ಪಾದ ಎಲ್ಲ ಕಡೆ ಬಾಗುತ್ತದೆ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಶುರು ಮಾಡಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಊರೂರಿಗೆ ಒಯ್ದಿತು. ಸಾಕೆಟ್ಟಿಗೆ ಅವರು ಬಳಸುವುದು ಎಚ್‌ಡಿಪಿಇ ಪೈಪ್. ಹೌದು, ನಮ್ಮ ಕಬ್ಬಿನ ಗದ್ದೆಗಳಲ್ಲಿ ನೀರು ಒಯ್ಯುವ ಅದೇ ಜಾತಿಯ ಪೈಪು. ಬಿಸಿ ಮಾಡಿ ಪ್ಲಾಸ್ಟರ್ ಅಚ್ಚಿನ ಮೇಲೆ ಎಳೆಯುತ್ತಾರೆ. ಇಂಥ ಬುದ್ಧಿ ಎಲ್ಲರಿಗೂ ಹೊಳೆಯುವುದಿಲ್ಲ.

ಅವರು ಬರಿಗಾಲಿನ ಪ್ರಶ್ನೆ ಬಿಡಿಸಿದರು. ನಮ್ಮ ಮೂವರ ಎದುರಿಗೆ ಇರುವುದು ಎರೆ ಮಣ್ಣಿನ ಪ್ರಶ್ನೆ.

ಅದನ್ನು ಕೇಳಿದವರು ಮುಧೋಳ ಕಡೆಯ ಒಬ್ಬ ಕಾಕಾ. ಅರವತ್ತು ದಾಟಿದವರು, ಎಡಗಾಲು ಮೊಣಕಾಲ ಕೆಳಗೆ ಇಲ್ಲ. ಹೊಸ ಕಾಲು ಹಾಕಿ ಶೆಡ್ಡಿನ ಕಾಂಕ್ರೀಟ್ ಮೇಲೆ ಚೆನ್ನಾಗಿಯೇ ನಡೆದರು. ಎಲ್ಲರಿಗೂ ಖುಷಿ. ಅವರು ಮಾತ್ರ ಕೆಳಗೆ ನೋಡಿ ಹೇಳಿದರು: 'ಚಲೋ ಐತ್ರೀ ಅಕ್ಕಾರ. ಆದ್ರ ನಿಮ್ಮ ನೆಲಾ ಒಣಾ ಐತಿ. ನಮ್ಮ ಹೊಲದಾಗ ಒಮ್ಮೆ ಬಂದ ನೋಡ್ರೆಲಾ.'

ಹೋಗಿ ನೋಡಿದರು. ಎರೆ ಮಣ್ಣು ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ, ನೆನೆದಾಗ ಅಂಟಿನ ಹಾಗೆ ಹಿಡಿಯುತ್ತದೆ. ಹೆಜ್ಜೆ ಇಟ್ಟಷ್ಟೂ ಪಾದಕ್ಕೆ ಮೆತ್ತುತ್ತಾ ಹೋಗುತ್ತದೆ. ಎರಡು ಕಾಲಿರುವವನು ಕಾಲು ಝಾಡಿಸಿ ಮುಂದೆ ಹೋಗುತ್ತಾನೆ. ನಡೆಯುವಾಗ ನಮ್ಮ ಹೆಬ್ಬೆರಳು ನೆಲದಿಂದ ಒಂದೆರಡು ಸೆಂಟಿಮೀಟರ್ ಮಾತ್ರ ಮೇಲೆ ಹಾಯುತ್ತದೆ, ಅದೂ ಪಾದದ ಕೀಲನ್ನು ನಾವು ಗೊತ್ತಿಲ್ಲದೆ ಮೇಲಕ್ಕೆ ಎತ್ತುವುದರಿಂದ. ಕೃತಕ ಪಾದ ತಾನಾಗಿ ಎತ್ತಿಕೊಳ್ಳುವುದಿಲ್ಲ. ಅದರ ಅಡಿಗೆ ಎರಡು ಸೆಂಟಿಮೀಟರ್ ಮಣ್ಣು ಮೆತ್ತಿಕೊಂಡರೆ ಪ್ರತಿ ಹೆಜ್ಜೆಯೂ ಎಡವು. ಭಾರದ್ದು ಇನ್ನೊಂದು ಕಥೆ. ಕಾಲಿನ ತುದಿಯಲ್ಲಿ ಸೇರಿದ ಅರ್ಧ ಕಿಲೋ, ಬೆನ್ನ ಮೇಲಿನ ಅರ್ಧ ಕಿಲೋದ ಹಾಗಲ್ಲ. ಪ್ರತಿ ಹೆಜ್ಜೆಗೂ ಅದನ್ನು ಬೀಸಬೇಕು, ನಿಲ್ಲಿಸಬೇಕು. ಆ ಎಳೆತ ಎಲ್ಲ ಸಾಕೆಟ್ ಮೇಲೆ. ಕೆಸರು ಕಾಲನ್ನು ಕೆಳಗೆ ಹಿಡಿದರೆ ಸಾಕೆಟ್ ಮೇಲಿಂದ ಕಳಚಿಕೊಳ್ಳುತ್ತದೆ. ಕಾಕಾ ಬದುವಿನ ಮೇಲೆ ನಿಂತಿದ್ದಾರೆ, ಕಾಲು ಹೊಲದಲ್ಲಿ ನಿಂತಿದೆ. ಅವರೇ ನಕ್ಕಿದ್ದು ಮೊದಲು.

ಹುಡುಗರು ಈಗ ಪಾದಕ್ಕೆ ನುಣುಪಾದ, ಗೆರೆ ಇಲ್ಲದ, ಅಂಚು ದುಂಡಗಿರುವ ಒಂದು ಹೊರಕವಚ ಮಾಡಿದ್ದಾರೆ. ಮಣ್ಣು ಹಿಡಿದರೂ ಬದುವಿಗೆ ಒಮ್ಮೆ ಬಡಿದರೆ ಬಿಟ್ಟುಕೊಳ್ಳಬೇಕು ಅನ್ನುವುದು ಲೆಕ್ಕ. ನುಣುಪು ಜಾಸ್ತಿಯಾದರೆ ಅಂಗಳದ ಪರಸಿ ಕಲ್ಲಿನ ಮೇಲೆ ಜಾರುತ್ತದೆ. ಈ ಎರಡರ ನಡುವೆ ಇನ್ನೂ ಹೊಯ್ದಾಟ ನಡೆದಿದೆ. ಕೀಲಿನ ಸ್ಕ್ರೂಗಳೊಳಗೆ ಕೆಸರು ಹೋಗದ ಹಾಗೆ ಒಂದು ರಬ್ಬರ್ ಬೂಟು ಹಾಕಿದ್ದಾರೆ, ಕಾರಿನ ಆಕ್ಸಲ್‌ಗೆ ಇರುತ್ತದಲ್ಲ, ಅಂಥದ್ದು.

ಲೋಹದ ಬಗ್ಗೆ ನಾನು ಬಾಯಿ ಹಾಕಿದ್ದೂ ಈ ಹೊಲ ನೋಡಿದ ಮೇಲೆಯೇ. ಡ್ರಾಯಿಂಗ್‌ನಲ್ಲಿ ಅಲ್ಯುಮಿನಿಯಂ ಅಂತ ಇತ್ತು. ಹಗುರ, ಮಷಿನಿಂಗ್ ಸಲೀಸು. ಸ್ಟೀಲಿನ ಮೂರನೇ ಒಂದು ಭಾಗ ತೂಕ. ಸ್ಕ್ರೂಗಳು ಮಾತ್ರ ಸ್ಟೀಲ್. ಅಲ್ಯುಮಿನಿಯಂ, ಸ್ಟೀಲ್ ಎರಡೂ ಮುಟ್ಟಿಕೊಂಡಿರುವಾಗ ನಡುವೆ ಉಪ್ಪುನೀರು ಬಂದರೆ ಅಲ್ಯುಮಿನಿಯಂ ತಿನ್ನಿಸಿಕೊಳ್ಳುತ್ತದೆ. ಇದು ಯಾವ ಫಿಟ್ಟರ್‌ಗೂ ಗೊತ್ತು. ಕೃಷ್ಣೆ, ಘಟಪ್ರಭೆಯ ಕಾಲುವೆ ನೀರು ಹೆಚ್ಚಾಗಿ ಸವಳು-ಜವಳು ಆದ ಹೊಲಗಳು ನಮ್ಮ ಕಡೆ ಎಷ್ಟಿವೆ! ಮೇಲೆ ಬಿಳಿ ಉಪ್ಪು ಎದ್ದಿರುತ್ತದೆ. ಜೊತೆಗೆ ಗೊಬ್ಬರ, ಬೆವರು. ಒಣ ನೆಲದ ಲ್ಯಾಬಿನಲ್ಲಿ ಪಾಸಾದ ತುಂಡು ಇಲ್ಲಿ ಎರಡು ಮಳೆಗಾಲ ತಡೆದೀತೇ? ಟೈಟಾನಿಯಂ ಇದ್ದರೆ ಚೆನ್ನ, ಆದರೆ ದುಡ್ಡು ಯಾರು ಕೊಡುತ್ತಾರೆ. ನನ್ನ ಮತ ಸ್ಟೇನ್‌ಲೆಸ್ ಸ್ಟೀಲ್‌ಗೆ. ಮೆಕ್ಯಾನಿಕಲ್ ಹುಡುಗನ ಮತ ಅಲ್ಯುಮಿನಿಯಂಗೆ ಆನೋಡೈಸಿಂಗ್, ಅಂದರೆ ಮೇಲೆ ಗಟ್ಟಿ ರಕ್ಷಣೆಯ ಪದರ ಬರುವ ಹಾಗೆ ಮಾಡಿಸಿ ನೋಡೋಣ ಅಂತ. ಜಗಳ ಮುಗಿದಿಲ್ಲ.

ಟೆಸ್ಟಿಂಗ್ ವಿಷಯಕ್ಕೆ ಬಂದರೆ, ಕಾಲಿನ ಗಟ್ಟಿತನಕ್ಕೆ ಐಎಸ್ಒ 10328 ಅಂತ ಅಂತಾರಾಷ್ಟ್ರೀಯ ಮಾನದಂಡ ಇದೆ. ಅದರಲ್ಲಿ ಒಂದು ಪರೀಕ್ಷೆ, 30 ಲಕ್ಷ ಸಲ ಭಾರ ಹಾಕಿ ತೆಗೆಯುವುದು. ಸೆಕೆಂಡಿಗೆ ಒಂದರ ಲೆಕ್ಕ ಹಿಡಿದರೂ ಹಗಲು ರಾತ್ರಿ ಮಷಿನ್ ಓಡಿ ಮುಗಿಯಲು ಸುಮಾರು 35 ದಿನ ಬೇಕು. ತೂಕಕ್ಕೆ ತಕ್ಕಂತೆ ಹಂತಗಳಿವೆ: 60 ಕಿಲೋದವರಿಗೆ, 80ರವರಿಗೆ, 100ರವರಿಗೆ, ಅದರ ಮೇಲೂ. ಡ್ರಾಯಿಂಗ್‌ನಲ್ಲಿ 80 ಅಂತ ಬರೆದಿತ್ತು. ಕಾಕಾನ ತೂಕ ಅಷ್ಟೇನೂ ಇಲ್ಲವಲ್ಲ ಅಂತ. ಆದರೆ ರೈತ ಬರೀ ತನ್ನ ತೂಕ ಹೊತ್ತು ನಡೆಯುತ್ತಾನಾ? ಒಂದು ಯೂರಿಯಾ ಚೀಲ 45 ಕಿಲೋ. ಅದು ಹೆಗಲ ಮೇಲೆ ಬಂದರೆ 65 ಕಿಲೋದ ಮನುಷ್ಯ 110 ಕಿಲೋ ಆಗುತ್ತಾನೆ. 'ಹೊರಬ್ಯಾಡ್ರಿ ಅಂತ ಹೇಳ್ತೀವಿ' ಅಂದ ಹುಡುಗ. ಹೇಳು, ಕೇಳುತ್ತಾರಾ ನೋಡೋಣ ಅಂದೆ. ಹಂತ ಏರಿಸಿದ್ದಾರೆ.

ಗುಳೇದಗುಡ್ಡದ ಅಕ್ಕನ ಕಥೆ ಇದಕ್ಕಿಂತ ಬೇರೆ. ಖಣ ನೇಯುವ ಮನೆ. ಕುಣಿ ಮಗ್ಗ. ನೋಡದವರಿಗೆ ಹೇಳುತ್ತೇನೆ: ನೆಲದಲ್ಲಿ ಒಂದು ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂತು ನೇಯುವುದು. ಮೇಲೆ ಕೈ ಲಾಳಿ ಓಡಿಸುತ್ತದೆ, ಕೆಳಗೆ ಕಾಲು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತದೆ. ತುಳಿದಾಗ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಲಾಳಿ ಅದರೊಳಗೆ ಹಾಯುತ್ತದೆ. ಯಾವ ಹಲಗೆ ಕಾಲಡಿ ಇದೆ ಅಂತ ನೇಕಾರರು ಬಗ್ಗಿ ನೋಡುವುದಿಲ್ಲ. ಅಂಗಾಲಿಗೇ ಗೊತ್ತಿರುತ್ತದೆ.

ಈ ಅಕ್ಕನಿಗೆ ಬಲಗಾಲು ಇಲ್ಲ. ಶಿಬಿರದಿಂದ ಬಂದ ಕಾಲು ಇದೆ, ಮದುವೆ ಮುಂಜಿಗೆ ಹಾಕಿಕೊಳ್ಳುತ್ತಾರೆ. ಮಗ್ಗಕ್ಕೆ ಕೂರುವಾಗ ಬಿಚ್ಚಿಡುತ್ತಾರೆ. ಒಂದೇ ಕಾಲನ್ನು ಆ ಹಲಗೆಗೂ ಈ ಹಲಗೆಗೂ ಸರಿಸುತ್ತಾ ನೇಯುತ್ತಾರೆ. ಕೆಲಸ ನಿಧಾನ, ಸೊಂಟ ನೋವು. ರಬ್ಬರ್ ಪಾದ ಅಗಲ ಇರುವುದರಿಂದ ಎರಡು ಹಲಗೆ ಒಟ್ಟಿಗೆ ತುಳಿಯುತ್ತದೆ, ಅದು ಅವರ ದೂರು. ಇಂಥ ದೂರು ಯಾವ ಫಾರಂನಲ್ಲೂ ಇಲ್ಲ. ಅಮೆರಿಕದ ವಿಮೆ ಪದ್ಧತಿಯಲ್ಲಿ ಕಾಲು ಕಳೆದುಕೊಂಡವರನ್ನು ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಮಾಡುತ್ತಾರಂತೆ: ನಡೆಯಲಾರದವರು, ಮನೆಯೊಳಗೆ ನಡೆಯುವವರು, ಹೊರಗೆ ನಡೆಯುವವರು, ಓಡುವವರು. ಗುಂಡಿಯಲ್ಲಿ ಕೂತು ತುಳಿಯುವವರು ಎಷ್ಟನೇ ದರ್ಜೆ?

'ನನಗ ಪಾದ ಬ್ಯಾಡವಾ, ತುಳ್ಯಾಕ ಒಂದ್ ತುದಿ ಮಾಡಿ ಕೊಡು' ಅಂದರಂತೆ ಅಕ್ಕ, ಆ ಹುಡುಗಿಗೆ.

ಹುಡುಗಿಗೆ ಮಾತು ಹತ್ತಿತು. ಅದೇ ಸಾಕೆಟ್, ಅದೇ ಕೊಳವೆ, ಮಗ್ಗಕ್ಕೆ ಕೂರುವಾಗ ಪಾದ ತೆಗೆದು ರಬ್ಬರ್ ತುದಿಯ ಗಿಡ್ಡ ತುಂಡು ಹಾಕಿದರೆ? ತೊಂದರೆ ಏನೆಂದರೆ ಪಿರಮಿಡ್‌ನ ಸ್ಕ್ರೂ ಪ್ರತಿ ಸಲ ಬಿಚ್ಚಿದರೆ ಕಷ್ಟಪಟ್ಟು ಹೊಂದಿಸಿದ ವಾಲು ಕೆಡುತ್ತದೆ. ಒಂದು ಡಿಗ್ರಿ ತಪ್ಪಿದರೂ ಮೊಣಕಾಲಿಗೆ ಗೊತ್ತಾಗುತ್ತದೆ. ಅದಕ್ಕೆ ಪಿರಮಿಡ್ ಮುಟ್ಟದೆ, ಅದರ ಕೆಳಗೆ ಬೇರೆ ಒಂದು ಕಪ್ಲರ್, ಅಂದರೆ ಜೋಡಿಸಿ ಬಿಚ್ಚುವ ತುಂಡು ಬೇಕು. ಒತ್ತಿದರೆ ಬಿಡಬೇಕು, ತಿರುಗಿಸಿ ಕೂರಿಸಿದರೆ ಅಲುಗದೆ ಹಿಡಿಯಬೇಕು. ಕತ್ತಲಲ್ಲೂ ಕೈಗೆ ಗೊತ್ತಾಗಬೇಕು, ಟಕ್ ಅಂತ ಸದ್ದು ಬರಬೇಕು. ಇದೇನೂ ಜಗತ್ತಿಗೆ ಹೊಸದಲ್ಲ. ಹೊರದೇಶದಲ್ಲಿ ಇಂಥವು ಸಿಗುತ್ತವೆ, ಬೆಲೆ ಕೇಳಿದರೆ ಮಗ್ಗವೇ ಅಗ್ಗ. ಸಡಿಲ ಇಟ್ಟರೆ ಹೆಜ್ಜೆ ಹಾಕಿದಾಗ ಲಟಕ್ ಅನ್ನುತ್ತದೆ. ಬಿಗಿ ಇಟ್ಟರೆ ಅಕ್ಕನ ಕೈಗೆ ಬಿಚ್ಚಲು ಬರುವುದಿಲ್ಲ. ಅಪ್ಪನ ಕಾಲದ ನಮ್ಮ ಟರ್ನರ್ ಮಾಮಾ ಒಬ್ಬರು ಇನ್ನೂ ಶಾಪಿಗೆ ಬರುತ್ತಾರೆ, ಅವರೇ ಪಿನ್ನಿಗೆ ಸ್ವಲ್ಪ ಇಳಿಜಾರು ಕೊಡು ಅಂದರು. ಭಾರ ಬಿದ್ದಷ್ಟೂ ಬಿಗಿಯಾಗುತ್ತದೆ, ಭಾರ ಇಲ್ಲದಾಗ ಸಲೀಸು. ಮುಕ್ಕಾಲು ಸಮಸ್ಯೆ ಅಲ್ಲಿಗೆ ಮುಗಿಯಿತು. ಮಾಮಾ ಓದಿದ್ದು ಏಳನೇ ಇಯತ್ತೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಸ್ವಾರಸ್ಯ ಕಡಿಮೆ. ಹೊಸ ಉಪಕರಣ ಮಾಡುವವರಿಗೆ ಅನುದಾನ ಇದೆ. ಜೈವಿಕ ತಂತ್ರಜ್ಞಾನದ ಹೊಸ ಕೆಲಸಗಳಿಗೆ ನೆರವು ಕೊಡುವ ಕೇಂದ್ರದ ಬೈರಾಕ್ ಸಂಸ್ಥೆಯ ಒಂದು ಯೋಜನೆಯಲ್ಲಿ 18 ತಿಂಗಳಿಗೆ 50 ಲಕ್ಷದವರೆಗೂ ಸಿಗುತ್ತದೆ. ಹೊಸ ಕಂಪನಿಗಳಿಗೆ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ ಇದೆ, ಅವಕ್ಕೆ ಜಾಗ, ಸಲಹೆ ಕೊಟ್ಟು ಬೆಳೆಸುವ ಇನ್‌ಕ್ಯುಬೇಟರ್ ಹುಬ್ಬಳ್ಳಿಯಲ್ಲಿದೆ. ಮೊದಲಿನಷ್ಟು ಕಷ್ಟ ಇಲ್ಲ. ಆದರೆ ಈ ಹಣವೆಲ್ಲ ಬರುವುದು ಹೊಸ ವಸ್ತು ಮಾಡಲು. ಕೊಟ್ಟ ಕಾಲನ್ನು ಆರು ತಿಂಗಳ ಮೇಲೆ ಹೋಗಿ ನೋಡಿ, ಸಾಕೆಟ್ ಬದಲಿಸಿ ಬರಲು ಯಾರೂ ಅನುದಾನ ಕೊಡುವುದಿಲ್ಲ. ಬೆಂಗಳೂರಿನಿಂದ ಬಂದ ಹೂಡಿಕೆದಾರರೊಬ್ಬರು 'ಸ್ಕೇಲ್ ಹೇಗೆ ಮಾಡ್ತೀರಾ' ಅಂತ ಕೇಳಿದರಂತೆ, ಅಂದರೆ ದೊಡ್ಡ ಪ್ರಮಾಣಕ್ಕೆ ಹೇಗೆ ಬೆಳೆಸುತ್ತೀರಿ ಅಂತ. ಒಬ್ಬೊಬ್ಬರ ಕಾಲು ಬೆರಳಲ್ಲಿ ಒತ್ತಿ ನೋಡುವ ಕೆಲಸಕ್ಕೆ ಸ್ಕೇಲ್ ಎಲ್ಲಿಂದ ಬರಬೇಕು? ಆ ಪ್ರಶ್ನೆ ತಪ್ಪು ಅಂತ ನಾನು ಹೇಳುವುದಿಲ್ಲ, ದುಡ್ಡು ಹಾಕುವವರು ಕೇಳಲೇಬೇಕು. ಆದರೆ ಬೆಳಗಾವಿಯ ಕಂಪನಿ ಬೆಂಗಳೂರಿನವರ ಹಾಗೆ ಆಗಲು ಹೋದರೆ ಅದರ ಕೈಲಿರುವ ಒಂದೇ ಹೆಚ್ಚುಗಾರಿಕೆ ಹೋಗುತ್ತದೆ. ಅದು ಹತ್ತಿರ ಇರುವುದು. 2022ರಲ್ಲಿ ಐಐಟಿ ಮದ್ರಾಸಿನವರು ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯ ಜೊತೆ ಸೇರಿ 'ಕದಂ' ಅಂತ ಒಳ್ಳೆಯ ಕೃತಕ ಮೊಣಕಾಲು ಹೊರತಂದರು. ಅಂಥದ್ದನ್ನು ಅವರೇ ಮಾಡಲಿ, ಇವರು ತಂದು ಕೂರಿಸಲಿ, ಆಮೇಲೆ ತಿರುಗಿ ಹೋಗಿ ನೋಡಲಿ.

ಹೇಗೆ ಹೋಗುವುದು ಅನ್ನುವುದಕ್ಕೆ ದಾರಿ ತೋರಿಸಿದವರೂ ಅದೇ ಮುಧೋಳದ ಕಾಕಾ. 'ನೀವು ಮನಿಮನಿಗೆ ಯಾಕ್ ಬರ್ತೀರಿ? ಸಂತಿಗೆ ಬರ್ರಿ. ನಾವ್ ಹೆಂಗೂ ಬಂದಿರ್ತೀವಿ.' ಈಗ ಒಂದು ಹಳೆ ವ್ಯಾನ್ ತಗೊಂಡಿದ್ದಾರೆ. ಒಳಗೆ ಸಣ್ಣ ಒಲೆ, ಗ್ರೈಂಡರ್, ಪಿಒಪಿ ಚೀಲ, ಬೇರೆ ಬೇರೆ ದಪ್ಪದ ಸಾಕ್ಸು. ಸಂತೆಯ ಒಂದು ಮೂಲೆಯಲ್ಲಿ ನಿಲ್ಲಿಸುತ್ತಾರೆ. ಸಾಕೆಟ್ಟಿನ ಅಂಚು ಬಿಸಿ ಮಾಡಿ ಸ್ವಲ್ಪ ಅಗಲಿಸುವುದು, ಒಳಗೆ ಒಂದು ಪದರ ಅಂಟಿಸುವುದು, ಸ್ಕ್ರೂ ಬಿಗಿಯುವುದು, ಕಾಲು ಕಾಣುವಷ್ಟು ಸಣ್ಣಗಾಗಿದ್ದರೆ ಹೊಸ ಅಚ್ಚು. ಬೇರೆಯವರು ಕೊಟ್ಟ ಕಾಲಾದರೂ ನೋಡುತ್ತಾರೆ. ಅಟ್ಟದಿಂದ ಇಳಿಸಿ ತಂದ ಕಾಲುಗಳೇ ಈಗ ಜಾಸ್ತಿ ಬರುತ್ತಿವೆ. ರಿಪೇರಿಗೆ ಸ್ವಲ್ಪ ದುಡ್ಡು ತಗೊಳ್ಳುತ್ತಾರೆ, ಇಲ್ಲದವರಿಂದ ಇಲ್ಲ. ಫುಕಟ್ ಅಂದರೆ ಜನ ದೂರು ಹೇಳುವುದಿಲ್ಲ, ದುಡ್ಡು ಕೊಟ್ಟರೆ ಸರಿಯಾಗಿ ಬೈಯುತ್ತಾರೆ, ಆ ಬೈಗುಳವೇ ಬೇಕಾಗಿರುವುದು ಅನ್ನುತ್ತಾಳೆ ಹುಡುಗಿ.

ಅಲ್ಲಿಗೆ ಬರುವವರಲ್ಲಿ ಗಂಡಸರೇ ಹೆಚ್ಚು. ಹೆಣ್ಣುಮಕ್ಕಳು ಸಂತೆಯ ನಡುವೆ ಸೀರೆ ಎತ್ತಿ ಕಾಲು ತೋರಿಸುತ್ತಾರಾ? ವ್ಯಾನಿಗೆ ಪರದೆ ಹಾಕಿದರು, ಅಷ್ಟಕ್ಕೆ ಆಗಲಿಲ್ಲ. ಆಶಾ ಕಾರ್ಯಕರ್ತೆಯರ ಮೂಲಕ ಮನೆಯಲ್ಲೇ ನೋಡುವ ಏರ್ಪಾಡು ಮಾಡಬೇಕು ಅಂತಿದ್ದಾರೆ. ಗುಳೇದಗುಡ್ಡದ ಅಕ್ಕ ತನಗೆ ಗೊತ್ತಿರುವ ಇನ್ನಿಬ್ಬರನ್ನು ಕರೆತರುತ್ತೇನೆ ಅಂದಿದ್ದಾರೆ, ಮೊದಲು ತನ್ನ ಕಪ್ಲರ್ ಸರಿಯಾಗಲಿ ಅಂತ ಷರತ್ತು ಹಾಕಿ.

ಎಲೆಕ್ಟ್ರಾನಿಕ್ಸ್ ಹುಡುಗ ಸುಮ್ನೆ ಕೂತಿಲ್ಲ. ಸಾಕೆಟ್ ಒಳಗೆ ತೆಳು ಒತ್ತಡದ ಸೆನ್ಸರ್ ಇಟ್ಟು, ಎಲ್ಲಿ ಜಾಸ್ತಿ ಒತ್ತುತ್ತಿದೆ ಅಂತ ಫೋನಿನಲ್ಲಿ ಬಣ್ಣದಲ್ಲಿ ತೋರಿಸುವ ಸಾಧನ ಮಾಡುತ್ತಿದ್ದಾನೆ. ನಾನು ಮೊದಲು ಮೂಗು ಮುರಿದೆ, ಮತ್ತೆ ವಿಡಿಯೋದ ಆಟ ಅಂತ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡವರಿಗೆ ಮಾತ್ರ ಇಡುತ್ತೇನೆ ಅಂದಾಗ ಬಾಯಿ ಮುಚ್ಚಿಕೊಂಡೆ. ನೋವು ಹೇಳಲಾರದ ಕಾಲಿನ ಪರವಾಗಿ ಫೋನು ಹೇಳುವುದಾದರೆ ಹೇಳಲಿ. ಬೆವರಿನಲ್ಲಿ ಆ ಸೆನ್ಸರ್ ಎಷ್ಟು ದಿನ ಬಾಳುತ್ತದೆ ಅನ್ನುವುದು ಬೇರೆ ಮಾತು.

ಮುಂಗಾರಿಗೆ ಒಂದಿಷ್ಟು ಕಾಲುಗಳು ಹೊಲಕ್ಕೆ ಇಳಿಯುತ್ತವೆ. ಕೆಲವಕ್ಕೆ ಆನೋಡೈಸ್ ಮಾಡಿದ ಅಲ್ಯುಮಿನಿಯಂ, ಕೆಲವಕ್ಕೆ ಸ್ಟೀಲ್. ಯಾವುದು ಯಾರಿಗೆ ಅಂತ ಹುಡುಗಿ ಬರೆದಿಟ್ಟುಕೊಂಡಿದ್ದಾಳೆ. ನನಗೂ ಮೆಕ್ಯಾನಿಕಲ್ ಹುಡುಗನಿಗೂ ಹೇಳಿಲ್ಲ. ದಸರೆ ಮುಗಿದ ಮೇಲೆ ಎಲ್ಲ ಬಿಚ್ಚಿ ಶಾಪಿನ ಮೇಜಿನ ಮೇಲೆ ಇಟ್ಟು ನೋಡುವುದು ಅಂತ ಮಾತಾಗಿದೆ. ಸ್ಟೀಲಿನ ರಾಡ್‌ಗೆ ನಾನು ಈಗಲೇ ಆರ್ಡರ್ ಹಾಕಿಬಿಟ್ಟಿದ್ದೇನೆ.